ಶೇಕಡಾ ನೂರು ಸಾಧನೆ

ನಮ್ಮ ಸೀಮೆಯಲ್ಲಿ ಮಖೆ ಮಳೆ ಬರುತ್ತದೋ ಇಲ್ಲವೋ ಹೇಳಲಾಗದು. ಜಮಾಬಂದಿ ಮಾತ್ರ ತಪ್ಪುವುದಿಲ್ಲ. ನಿಯಮವೇ ಹಾಗಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಒಂದೊಂದು ಗ್ರಾಮ ಪಂಚಾಯಿತಿಯೂ ಹಿಂದಿನ ಸಾಲಿನ ಲೆಕ್ಕವನ್ನು ಊರ ಮುಂದೆ ಇಡಬೇಕು. ಎಷ್ಟು ಬಂತು, ಎಷ್ಟು ಹೋಯಿತು, ಹೋದದ್ದು ಯಾವ ಬೀದಿಯಲ್ಲಿ ಚರಂಡಿಯಾಗಿ ಬಿದ್ದಿದೆ ಎಂದು ಮೇಲಿನಿಂದ ಬಂದ ಅಧಿಕಾರಿ ಪುಸ್ತಕವನ್ನೂ ನೋಡಬೇಕು, ಕಾಮಗಾರಿಯನ್ನೂ ನೋಡಬೇಕು. ಪಂಚಾಂಗದ ಲೆಕ್ಕಕ್ಕೆ ಅದು ಮಖೆ, ಹುಬ್ಬೆ ಮಳೆಗಳ ತಿಂಗಳು. ಹೊಲದಲ್ಲಿ ಕಡ್ಲೆಕಾಯಿ ಗಿಡ ಕಾಯಿ ಕಟ್ಟುವ ಹೊತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ರೈತರು ಆ ತಿಂಗಳೆಲ್ಲ ಆಕಾಶ ನೋಡುತ್ತಾರೆ, ಪಂಚಾಯಿತಿಯವರು ನಗದು ಪುಸ್ತಕ ನೋಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಕ್ಕೆ ಪುರುಸೊತ್ತಾಗುವುದು ಕಡಿಮೆ.

ಪಂಚಾಯಿತಿಯ ಲೆಕ್ಕ ಪಂಚಾಯಿತಿ ಕಚೇರಿಯಲ್ಲಿ ನಡೆದರೆ ಊರಿನ ಲೆಕ್ಕ ನಡೆಯುವುದು ಬೇಲಿ ಪಕ್ಕ. ನನ್ನ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಒಂದು ಹಳೇ ಬೇಲಿ ಇದೆ. ದನ ದಾಟುವುದಿಲ್ಲ, ಮಾತು ದಾಟುತ್ತದೆ. ಆ ಕಡೆಯ ಮನೆಯಾಕೆ ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನನಗೆ ಅವರು ಅಕ್ಕ, ಅವರಿಗೆ ನಾನು ಮೇಷ್ಟ್ರು. ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎಂದು 2010ರಲ್ಲಿ ಕಾನೂನಾದ ಮೇಲೆ ಅಕ್ಕ ಒಂದು ಅವಧಿ ಮೆಂಬರಾಗಿದ್ದರು. ಗೆಲ್ಲುವುದು ಅಕ್ಕ, ಮೆಂಬರಿಕೆ ಮಾಡುವುದು ಭಾವ ಎಂದುಕೊಂಡಿದ್ದವರಿಗೆ ಮೊದಲ ಸಭೆಯಲ್ಲೇ ನಿರಾಸೆಯಾಯಿತು. ಭಾವ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದರು; ಒಳಗೆ ಅಕ್ಕ, "ಓದಿ ಹೇಳಿ ಸ್ವಾಮಿ, ಓದ್ದೆ ಸೈ ಹಾಕಲ್ಲ" ಅಂದಿದ್ದರು. ಆ ಮಾತು ಇವತ್ತಿಗೂ ನಮ್ಮೂರಲ್ಲಿ ಚಾಲ್ತಿಯಲ್ಲಿದೆ. ಬೀಗರು ಮದುವೆ ಪತ್ರಿಕೆ ಕೊಟ್ಟರೂ "ಓದ್ದೆ ಸೈ ಹಾಕಲ್ಲ" ಎಂದು ತಮಾಷೆ ಮಾಡುವವರಿದ್ದಾರೆ.

"ಏನ್ ಮೇಷ್ಟ್ರೇ, ಪೇಪರ್ನ ಇಷ್ಟೊತ್ತು ಹಿಡ್ಕೊಂಡಿದೀರಿ. ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ ಅಕ್ಕ. ಕೆಡಿಪಿ ಸಭೆ ಸುದ್ದಿ. ಒಂದು ಇಲಾಖೆಯವರು ಶೇಕಡಾ ತೊಂಬತ್ತೆಂಟು ಪ್ರಗತಿ ಸಾಧಿಸಿದ್ದಾರಂತೆ."

"ಇನ್ನೆರಡು ಎಲ್ ಸಿಕ್ಕಾಕ್ಕಂಡ್ವಂತೆ?"

ಹೀಗೆ ಶುರುವಾದ ಮಾತು ಎಮ್ಮೆ ಕೂಗುವ ತನಕ ನಡೆಯಿತು. ಕೆಡಿಪಿ ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ. ತಾಲ್ಲೂಕಿನ ಎಲ್ಲ ಇಲಾಖೆಯವರನ್ನೂ ಮೂರು ತಿಂಗಳಿಗೊಮ್ಮೆ ಒಂದು ಕಡೆ ಕೂರಿಸಿ, ಮಾಡಿದ್ದೇನು, ಬಿಟ್ಟದ್ದೇನು ಎಂದು ಕೇಳುವ ಸಭೆ. ಕೃಷಿ, ಶಿಕ್ಷಣ, ಆರೋಗ್ಯ, ಬೆಸ್ಕಾಂ, ಪಶುವೈದ್ಯ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಪ್ರಗತಿ ಓದುತ್ತಾರೆ. ಶಾಸಕರು ಅಧ್ಯಕ್ಷತೆ ವಹಿಸಿ ಬೈಯುತ್ತಾರೆ. ಬೈದದ್ದು ಪೇಪರಿನಲ್ಲಿ ಬರುತ್ತದೆ, ಪ್ರಗತಿ ಕಡತಕ್ಕೆ ಹೋಗುತ್ತದೆ.

ಆ ಪ್ರಗತಿಗೆ ಎರಡು ಕಾಲಂ. ಒಂದು ಭೌತಿಕ ಪ್ರಗತಿ, ಇನ್ನೊಂದು ಆರ್ಥಿಕ ಪ್ರಗತಿ. ಹತ್ತು ಕೊಟ್ಟಿಗೆ ಕಟ್ಟಬೇಕಿತ್ತು, ಎಷ್ಟು ಕಟ್ಟಿದೆ ಎಂಬುದು ಭೌತಿಕ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಎಷ್ಟು ಖರ್ಚಾಗಿದೆ ಎಂಬುದು ಆರ್ಥಿಕ. ಈ ಇಬ್ಬರು ಅಣ್ಣತಮ್ಮಂದಿರಲ್ಲಿ ಆರ್ಥಿಕ ಯಾವಾಗಲೂ ಮುಂದೆ ಓಡುತ್ತದೆ. ಮಾರ್ಚ್ ತಿಂಗಳಲ್ಲಂತೂ ಅದಕ್ಕೆ ರೆಕ್ಕೆಯೇ ಬರುತ್ತದೆ, ಮಾರ್ಚ್ 31 ದಾಟಿದರೆ ಅನುದಾನ ವಾಪಸು ಎಂಬ ಭಯ. ವರ್ಷವೆಲ್ಲ ಮಲಗಿದ್ದ ಜಲ್ಲಿ ಗುಡ್ಡೆ ಆ ತಿಂಗಳು ರಾತ್ರೋರಾತ್ರಿ ರಸ್ತೆಯಾಗುತ್ತದೆ. "ಮಾರ್ಚ್ ರೋಡು" ಎಂದರೆ ಅಕ್ಕನ ಭಾಷೆಯಲ್ಲಿ ಜೂನ್ ಮಳೆಗೆ ಮತ್ತೆ ಜಲ್ಲಿಯಾಗುವ ರೋಡು.

"ಶೇಕಡಾ ತೊಂಬತ್ತೆಂಟು ಅಂದ್ರೆ ದುಡ್ಡು ತೊಂಬತ್ತೆಂಟು ಖರ್ಚಾಗೈತೆ ಅಂತ ತಾನೆ?" ಅಂದರು ಅಕ್ಕ. "ನಮ್ಮನೇಲಿ ತಿಂಗಳ ದುಡ್ಡು ಇಪ್ಪತ್ತನೇ ತಾರೀಖಿಗೇ ನೂರಕ್ಕೆ ನೂರು ಖರ್ಚಾಗ್ತದೆ. ಅದನ್ನ ನಮ್ಮತ್ತೆ ಪ್ರಗತಿ ಅಂತ ಯಾವತ್ತೂ ಅಂದಿಲ್ಲ."

ಲೆಕ್ಕ ಕೇಳುವ ಈ ಅಭ್ಯಾಸ ನಮ್ಮ ಸೀಮೆಗೆ ಹೊಸದಲ್ಲ. 1687ರಲ್ಲಿ ಮೊಗಲರು ಶಿರಾವನ್ನು ಸುಬಾ ಕೇಂದ್ರ ಮಾಡಿಕೊಂಡು ಅದೂ ಸೇರಿ ಏಳು ಪರಗಣೆಗಳ ಆಡಳಿತ ನಡೆಸಿದರು. ಬಸವಾಪಟ್ಟಣ, ಬೂದಿಹಾಳ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಲ್ಲದರ ಲೆಕ್ಕ ಶಿರಾಕ್ಕೆ ಬರುತ್ತಿತ್ತು. ಮೊಗಲರ ಅಧಿಕಾರಿ ಕಾಸಿಂ ಖಾನ್ ಕೂತ ಊರಿನಲ್ಲಿ ವಾರ್ಷಿಕ ಪರಿಶೀಲನೆ ಎಂದರೆ ಒಂದೇ ಪ್ರಶ್ನೆ: ಕಂದಾಯ ಎಷ್ಟು ವಸೂಲಾಯಿತು, ಎಷ್ಟು ಬಾಕಿ? ಊರಿಗೆ ಏನಾಯಿತು ಎಂದು ಕೇಳುವ ಪದ್ಧತಿ ಇರಲಿಲ್ಲ. ಕೇಳಿದವರಿಗೆ ಏನಾಗುತ್ತಿತ್ತು ಎಂಬುದೂ ಯೋಚಿಸಬೇಕಾದ ವಿಷಯವೇ.

ಊರಿಗೆ ಏನಾಯಿತು ಎಂದು ಕೇಳಲು ಮೊದಲ ಬಾರಿಗೆ ಬಾಯಿ ಕೊಟ್ಟದ್ದು ಮೈಸೂರು. 1881ರ ಅಕ್ಟೋಬರಿನಲ್ಲಿ, ದಸರಾ ಸಮಯಕ್ಕೆ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಸಂಸ್ಥಾನದ ತಾಲ್ಲೂಕು ತಾಲ್ಲೂಕಿನಿಂದ ಜಮೀನುದಾರರು, ವ್ಯಾಪಾರಸ್ಥರು ಸೇರಿ 144 ಜನ ಕೂಡಿದರು. ದಿವಾನರು ಎದ್ದು ಹೋದ ವರ್ಷ ಸರ್ಕಾರ ಏನು ಮಾಡಿತು, ಬರುವ ವರ್ಷ ಏನು ಮಾಡಬೇಕೆಂದಿದೆ ಎಂದು ಓದಿದರು. 1876ರಿಂದ 78ರವರೆಗಿನ ದೊಡ್ಡ ಬರ ನಾಡನ್ನು ಹಿಂಡಿ ಹೋಗಿ ಆಗಿನ್ನೂ ಮೂರು ವರ್ಷವಾಗಿತ್ತು. ಕೂತಿದ್ದವರಲ್ಲಿ ಯಾರಿಗೂ ಮತ ಹಾಕುವ ಅಧಿಕಾರವಿಲ್ಲ, ತೀರ್ಮಾನ ಮಾಡುವ ಅಧಿಕಾರವಿಲ್ಲ. ಅಹವಾಲು ಹೇಳಿಕೊಳ್ಳಬಹುದು, ಅಷ್ಟೆ. ಆದರೂ ಇಡೀ ಹಿಂದೂಸ್ಥಾನದ ಸಂಸ್ಥಾನಗಳಲ್ಲಿ ಅಂಥದು ಬೇರೆ ಇರಲಿಲ್ಲ.

ನಾನು ಈ ಕಥೆ ಹೇಳಿದಾಗ ಅಕ್ಕನಿಗೆ ಹಿಡಿಸಿದ್ದು ದಿವಾನರ ಭಾಷಣವಲ್ಲ. "ಪಾವಗಡದೋರು ಮೈಸೂರ್ಗೆ ಎಂಗ್ ಹೋದ್ರು ಆಗ?" ಎಂದು ಕೇಳಿದರು.

"ಗಾಡಿ ಕಟ್ಟಿಕೊಂಡು, ಇಲ್ಲ ಕುದುರೆ ಹತ್ತಿಕೊಂಡು ಹೊರಟಿರಬೇಕು ಅಕ್ಕ. ಮೈಸೂರಿಗೇ ಇನ್ನೂ ರೈಲು ಮುಟ್ಟಿರಲಿಲ್ಲ."

"ಮೈಸೂರ್ಗೆ ಆಮೇಲೆ ಬಂತಲ್ಲ. ನಮಗೆ?"

ಅಲ್ಲಿಗೆ ಮಾತು ರೈಲು ಹತ್ತಿತು. ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡ ಹಾದು ಹೋಗಬೇಕು. 2007-08ರಲ್ಲಿ ಮಂಜೂರಾದದ್ದು. ಶಿರಾದವರ ಪಾಲಿನದು ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ. ಅದು ಮಂಜೂರಾದದ್ದು 2011-12ರಲ್ಲಿ. ನಾಲ್ಕು ತಾಲ್ಲೂಕಿಗೂ ಕಾಗದದ ಮೇಲೆ ರೈಲು ಬಂದಾಗಿದೆ. ಭೂಸ್ವಾಧೀನ ಇಷ್ಟಾಯಿತು, ಇಷ್ಟು ಬಾಕಿ ಎಂಬ ಒಂದು ವಾಕ್ಯವಿಲ್ಲದೆ ನಮ್ಮ ಭಾಗದ ಯಾವ ವರ್ಷದ ಪ್ರಗತಿ ಪರಿಶೀಲನೆಯೂ ಮುಗಿದದ್ದಿಲ್ಲ. 2024ರಿಂದ ತುಮಕೂರಿನ ಸಂಸದ ವಿ. ಸೋಮಣ್ಣನವರೇ ರೈಲ್ವೆ ರಾಜ್ಯ ಸಚಿವರು. ಹೀಗಾಗಿ ಈಗ ಸಭೆಗಳಲ್ಲಿ ಹಳಿಯ ಮಾತು ಮೊದಲಿಗಿಂತ ಜೋರಾಗಿದೆ, ಮಣ್ಣಿನ ಕೆಲಸವೂ ಕಣ್ಣಿಗೆ ಬೀಳುತ್ತಿದೆ. ಮಂಜೂರಾತಿ ಸುದ್ದಿ ಬಂದ ವರ್ಷ ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿದ ಹುಡುಗರು ಓದು ಮುಗಿಸಿ ಕೆಲಸಕ್ಕೆ ಬೆಂಗಳೂರಿಗೆ ಹೋದರು, ಬಸ್ಸಿನಲ್ಲಿ.

ಮೈಸೂರಿನ ಆ ಸಭೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಪ್ರತಿನಿಧಿಗಳು ಹೇಳಿಕೊಂಡ ಅಹವಾಲುಗಳೂ ಅವಕ್ಕೆ ಸರ್ಕಾರ ಕೊಟ್ಟ ಉತ್ತರಗಳೂ ಸಭೆಯ ನಡವಳಿಯಲ್ಲಿ ಅಚ್ಚಾಗುತ್ತಿದ್ದವು. ಕೆರೆ ದುರಸ್ತಿ, ರಸ್ತೆ, ಸ್ಕೂಲು, ಕಂದಾಯ ಎಂದು ಒಂದೊಂದಕ್ಕೂ ಒಂದು ಸಾಲು ಪ್ರಶ್ನೆ, ಒಂದು ಸಾಲು ಉತ್ತರ. ಆಗುವುದಿಲ್ಲ ಎನ್ನುವುದಕ್ಕೂ ಅಚ್ಚಿನಲ್ಲಿ ಆಗುವುದಿಲ್ಲ ಎಂದೇ ಇರುತ್ತಿತ್ತು. ಮುಂದಿನ ದಸರಾಕ್ಕೆ ಅದೇ ಮನುಷ್ಯ ಅದೇ ಪುಸ್ತಕ ಹಿಡಿದುಕೊಂಡು ಬಂದು, "ಸ್ವಾಮಿ, ಹೋದ ವರ್ಷ ಹೀಗಂದಿದ್ದಿರಿ" ಎನ್ನಬಹುದಿತ್ತು. ಅಧಿಕಾರವಿಲ್ಲದ ಆ ಸಭೆಗೆ ನೆನಪಿತ್ತು. 1923ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು, 1949ರಲ್ಲಿ ಅದು ಮುಗಿಯಿತು.

ಈಗಿನ ಸಭೆಗಳಲ್ಲಿ ನೆನಪಿಗೆ ಒಂದು ಕಾಗದವಿದೆ. ಅದರ ಹೆಸರು ಅನುಪಾಲನಾ ವರದಿ. ಹಿಂದಿನ ಸಭೆಯಲ್ಲಿ ಹೇಳಿದ್ದು ಏನಾಯಿತು ಎಂದು ಇಲಾಖೆಯವರು ಬರೆದುಕೊಂಡು ಬರಬೇಕು. ಬರೆದುಕೊಂಡೂ ಬರುತ್ತಾರೆ. ಪ್ರಶ್ನೆಗಳು ನೂರಾರು ಇದ್ದರೂ ಉತ್ತರ ಮೂರೇ. ಮೊದಲನೆಯದು: ಪ್ರಸ್ತಾವನೆ ಸಲ್ಲಿಸಲಾಗಿದೆ. ಎರಡನೆಯದು: ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯಲಾಗಿದೆ. ಮೂರನೆಯದು: ಅನುದಾನ ಬಿಡುಗಡೆಯಾದ ಕೂಡಲೇ ಕ್ರಮ ವಹಿಸಲಾಗುವುದು. ಅಕ್ಕ ಮೆಂಬರಾಗಿದ್ದಾಗ ಇವು ಮೂರನ್ನೂ ಬಾಯಿಪಾಠ ಮಾಡಿಕೊಂಡಿದ್ದರು. ಮನೆಯಲ್ಲಿ ಸೊಸೆ, "ಅತ್ತೆ, ನನಗೊಂದು ಮಿಕ್ಸಿ ಬೇಕು" ಅಂದರೆ "ಪ್ರಸ್ತಾವನೆ ಸಲ್ಸಾಗೈತೆ ಕಣಮ್ಮ" ಅನ್ನುತ್ತಿದ್ದರು. ಸೊಸೆಯೂ ಕಲಿತಳು. ಭಾವ ಎರಡನೇ ಸಲ ಕಾಫಿ ಕೇಳಿದರೆ ಒಳಗಿನಿಂದ ಉತ್ತರ ಬರುತ್ತಿತ್ತು: "ಹಾಲು ಬಿಡುಗಡೆಯಾದ ಕೂಡ್ಲೆ ಕ್ರಮ ವಹಿಸ್ತೀವಿ ಮಾವ."

ಆದ್ಯತೆಯ ವಿಷಯಕ್ಕೆ ಬರೋಣ. ಗ್ರಾಮಸಭೆಯಲ್ಲಿ ಬರುವ ವರ್ಷದ ಕೆಲಸಗಳನ್ನು ಆದ್ಯತೆಯ ಮೇಲೆ ಪಟ್ಟಿ ಮಾಡಬೇಕು. ಅಲ್ಲಿ ಎದ್ದವರೆಲ್ಲರದೂ ಮೊದಲನೇ ಆದ್ಯತೆ. ಒಬ್ಬರದು ಸ್ಮಶಾನದ ದಾರಿ, ಇನ್ನೊಬ್ಬರದು ದೇವಸ್ಥಾನದ ಮುಂದಿನ ಹೈಮಾಸ್ಟ್ ದೀಪ. ಕಾರ್ಯದರ್ಶಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಕೊನೆಗೆ ಗೆಲ್ಲುವುದು ಎದ್ದವರ ಗಂಟಲೂ ಅಲ್ಲ, ಅಧ್ಯಕ್ಷರ ಮನಸ್ಸೂ ಅಲ್ಲ. ದುಡ್ಡು ಯಾವ ಚೀಟಿ ಅಂಟಿಸಿಕೊಂಡು ಬಂದಿದೆ ಎಂಬುದು. 2021ರಿಂದ 2026ರವರೆಗಿನ ಹದಿನೈದನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಅದರಲ್ಲಿ ಶೇಕಡಾ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಉಳಿದ 40 ಮಾತ್ರ ಪಂಚಾಯಿತಿಯ ಆಯ್ಕೆಗೆ ಇತ್ತು. ಡೆಲ್ಲಿಯವರು ಕೆಟ್ಟದ್ದೇನೂ ಹೇಳಿಲ್ಲ, ನೀರಿಗಿಂತ ದೊಡ್ಡ ಆದ್ಯತೆ ನಮಗೂ ಇಲ್ಲ. ಆದರೆ ಊರು ಆದ್ಯತೆ ಹೇಳುವ ಮೊದಲೇ ಆದ್ಯತೆ ನಿಗದಿಯಾಗಿ ಬಂದಿದೆ ಎಂಬುದನ್ನು ಸಭೆಯ ಆರಂಭದಲ್ಲೇ ಯಾರಾದರೂ ಹೇಳಿಬಿಟ್ಟರೆ ಹೈಮಾಸ್ಟ್ ದೀಪದವರು ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ.

ನೀರು ಅಂದೆ. ನಮ್ಮ ನಾಲ್ಕೂ ತಾಲ್ಲೂಕಿನ ಆದ್ಯತೆಯ ಪಟ್ಟಿಯ ತಲೆಯ ಮೇಲೆ ವರ್ಷ ವರ್ಷ ಕೂತಿರುವುದು ಅದೇ. ಆದರೆ ಒಂದೊಂದು ತಾಲ್ಲೂಕಿನ ನೀರು ಒಂದೊಂದು ದಿಕ್ಕಿನಿಂದ ಬರಬೇಕು. ಶಿರಾಕ್ಕೆ ಹೇಮಾವತಿ. ಕಳ್ಳಂಬೆಳ್ಳ, ಶಿರಾ ಕೆರೆ ತುಂಬಿ ಮದಲೂರು ಕೆರೆಗೆ ಹರಿಯಬೇಕು ಎನ್ನುವುದು ಅಲ್ಲಿಯವರ ಬಹುಕಾಲದ ಬೇಡಿಕೆ. 2020ರಲ್ಲಿ ಶಿರಾ ಉಪಚುನಾವಣೆ ನಡೆದಾಗ ಮದಲೂರು ಕೆರೆ ಅಭ್ಯರ್ಥಿಗಳಿಗಿಂತ ಹೆಚ್ಚು ಹೆಸರು ಮಾಡಿತು. ಕೆರೆಗೆ ಒಂದು ಓಟಿದ್ದರೆ ಯಾರಿಗೆ ಹಾಕುತ್ತಿತ್ತೋ ಏನೋ. ಪಾವಗಡಕ್ಕೆ ತುಂಗಭದ್ರೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕೆಡಿಸಿಕೊಂಡು, ಮೂಳೆ ನೋಯಿಸಿಕೊಂಡ ತಾಲ್ಲೂಕಿಗೆ ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು. ಕೊರಟಗೆರೆ, ಮಧುಗಿರಿಯವರು ಜಯಮಂಗಲಿ ಬತ್ತಿದಾಗ ಪಶ್ಚಿಮಕ್ಕೆ ಮುಖ ಮಾಡಿ ಎತ್ತಿನಹೊಳೆ ಅನ್ನುತ್ತಾರೆ. ಸಕಲೇಶಪುರದ ಕಡೆ ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ನೀರು ಹತ್ತಬೇಕಾದ ದಾರಿ ಇನ್ನೂ ಉದ್ದ ಇದೆ.

"ಮೂರು ಹೊಳೆ ಹೆಸರು ಹೇಳಿದ್ರಿ, ಮೂರೂ ನಮ್ಮೂರ್ನಾಗೆ ಹುಟ್ಟಿದ್ದಲ್ಲ," ಅಂದರು ಅಕ್ಕ. "ಇಲ್ಲಿ ಹುಟ್ಟಿದ ಹೊಳೆಗೆ ಮರಳು ಬಿಟ್ಟಿದ್ರೆ ಅರ್ಧ ಕೆಲ್ಸ ಆಗ್ತಿತ್ತು."

ಜಯಮಂಗಲಿಯ ಒಡಲಿನಿಂದ ಎಷ್ಟು ಮರಳು ಬೆಂಗಳೂರಿನ ಮಹಡಿಗಳಿಗೆ ಏರಿದೆ ಎಂಬುದಕ್ಕೆ ಪ್ರಗತಿ ವರದಿಯಲ್ಲಿ ಕಾಲಂ ಇಲ್ಲ. 2022ರಲ್ಲಿ ಮಳೆ ಬಿಡದೆ ಹುಯ್ದು ನಮ್ಮ ಸೀಮೆಯ ಕೆರೆಗಳು ಕೋಡಿ ಬಿದ್ದವು. ದಶಕಗಳಿಂದ ಕೋಡಿ ನೋಡದ ಮಕ್ಕಳು ಬೈಕಿನಲ್ಲಿ ಹೋಗಿ ಸೆಲ್ಫಿ ತೆಗೆದುಕೊಂಡರು. ಆ ವರ್ಷದ ಸಾಧನೆಗೆ ಯಾವ ಇಲಾಖೆ ಅರ್ಜಿ ಹಾಕಿತೋ ತಿಳಿಯದು. ಹಾಕಿದ್ದರೂ ಆಶ್ಚರ್ಯವಿಲ್ಲ.

ಕಾಲಂ ಇಲ್ಲದ ಇನ್ನೊಂದು ಸಂಗತಿ ಪಾವಗಡದಲ್ಲಿದೆ. ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚಿನಲ್ಲಿ ಉದ್ಘಾಟನೆ, ಒಟ್ಟು 2,050 ಮೆಗಾವಾಟ್. ಸರ್ಕಾರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಬೀಜದ ದುಡ್ಡೂ ಹುಟ್ಟದಿದ್ದ ನೆಲಕ್ಕೆ ಅದು ಸಣ್ಣ ಮಾತಲ್ಲ. ಬಿಸಿಲೊಂದೇ ಬೆಳೆಯುವ ಸೀಮೆಯಲ್ಲಿ ಬಿಸಿಲನ್ನೇ ಮಾರಿದ ಜಾಣತನವನ್ನು ಹೊರದೇಶದವರೂ ಬಂದು ನೋಡಿ ಹೋದರು. ಪ್ರಗತಿ ವರದಿಗೆ ಇದಕ್ಕಿಂತ ಒಳ್ಳೆಯ ಫೋಟೊ ಸಿಗದು.

ಅಕ್ಕನ ತಂಗಿಯ ಮನೆ ಆ ಕಡೆ. "ಜಮೀನಿದ್ದೋರ್ಗೆ ಬಾಡಿಗೆ ಬತ್ತದೆ, ಸರಿ. ಅವ್ರ ಹೊಲಕ್ಕೆ ಕಳೆ ಕೀಳಾಕೆ ಹೋಗ್ತಿದ್ದ ಹೆಂಗಸ್ರಿಗೆ ಏನ್ ಬತ್ತದೆ? ಕುರಿ ಮೇಯ್ಸೋನು ಬೇಲಿ ಸುತ್ಕಂಡು ಎಷ್ಟ್ ದೂರ ಹೋಗ್ಬೇಕು?" ಎಂದು ಕೇಳಿದರು. ಮೆಗಾವಾಟಿಗೆ ಕಾಲಂ ಇದೆ, ಎಕರೆಗೆ ಕಾಲಂ ಇದೆ. ಕುರಿ ನಡೆದ ದೂರವನ್ನು ಅಳೆಯುವ ಇಲಾಖೆ ಇನ್ನೂ ಹುಟ್ಟಿಲ್ಲ.

ನಮ್ಮನ್ನು ಅಳೆದವರು ಕಡಿಮೆಯೇನಲ್ಲ ಎನ್ನುವುದನ್ನೂ ಹೇಳಬೇಕು. ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಮೂವತ್ತೈದು ಸೂಚ್ಯಂಕ ಹಿಡಿದು ರಾಜ್ಯದ ತಾಲ್ಲೂಕುಗಳನ್ನು ತೂಗಿ 114 ತಾಲ್ಲೂಕು ಹಿಂದುಳಿದಿವೆ ಎಂದಿತು; ಅದರಲ್ಲೂ ಮೂರು ದರ್ಜೆ. ಮಧುಗಿರಿ, ಶಿರಾ, ಪಾವಗಡ ಅತ್ಯಂತ ಹಿಂದುಳಿದ ದರ್ಜೆಗೆ ಬಂದವು, ಕೊರಟಗೆರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಕೊರಟಗೆರೆಯವರಿಗೆ ಸಂತೋಷವಾಗಬೇಕಿತ್ತು. ಆದರೆ ಅತ್ಯಂತ ಹಿಂದುಳಿದವರಿಗೆ ವಿಶೇಷ ಅನುದಾನ ಹೆಚ್ಚು ಎಂದು ಗೊತ್ತಾದ ಮೇಲೆ ಮುಂದುವರಿದದ್ದಕ್ಕೆ ಬೇಸರಪಟ್ಟವರನ್ನು ನಾನೇ ನೋಡಿದ್ದೇನೆ. ಹಿಂದುಳಿಯುವುದರಲ್ಲೂ ಪೈಪೋಟಿ ಇರುತ್ತದೆ ಎಂದು ಆಗ ತಿಳಿಯಿತು.

ಈ ನಾಲ್ಕು ತಾಲ್ಲೂಕನ್ನು ಒಟ್ಟಿಗೆ ತಕ್ಕಡಿಗೆ ಹಾಕುವ ದಿನ ಇನ್ನೊಂದಿದೆ, ಎಸ್ಎಸ್ಎಲ್‌ಸಿ ಫಲಿತಾಂಶದ ದಿನ. ಕಂದಾಯದ ಲೆಕ್ಕಕ್ಕೆ ನಾವು ತುಮಕೂರು ಜಿಲ್ಲೆ, ಮಧುಗಿರಿ ಉಪವಿಭಾಗ. ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಮಾತ್ರ ಮಧುಗಿರಿಯೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ನಿಜವಾದ ಜಿಲ್ಲೆ ಬೇಕು ಎಂಬ ಕೂಗು ಹಳೆಯದು. ಅದು ಬರುವ ತನಕ ಪರೀಕ್ಷೆಯ ಪಟ್ಟಿಯಲ್ಲಾದರೂ ನಾವು ಜಿಲ್ಲೆ. 2020ರಲ್ಲಿ, ಕೊರೊನಾ ನಡುವೆ ಮಾಸ್ಕ್ ಹಾಕಿಕೊಂಡು ಪರೀಕ್ಷೆ ಬರೆದ ವರ್ಷ, ಚಿಕ್ಕಬಳ್ಳಾಪುರ ಮೊದಲು, ಬೆಂಗಳೂರು ಗ್ರಾಮಾಂತರ ಎರಡು, ಮೂರನೆಯದು ನಮ್ಮ ಮಧುಗಿರಿ. ಆ ದಿನ ಬೇಲಿಯ ಈ ಕಡೆ ನಾನು ಎದೆ ಉಬ್ಬಿಸಿ ನಿಂತಿದ್ದೆ. ಅತ್ಯಂತ ಹಿಂದುಳಿದವರ ಮಕ್ಕಳು ರಾಜ್ಯಕ್ಕೆ ಮೂರನೆಯವರು. ಅದರ ಮುಂದಿನ ವರ್ಷಗಳಲ್ಲಿ ಸ್ಥಾನ ಎಲ್ಲಿಗೆ ಹೋಯಿತು ಎಂದು ಅಕ್ಕ ಕೇಳಿದಾಗ ನಾನು ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯಲಾಗಿದೆ ಎಂದೆ.

ಇನ್ನು ಸಭೆಗೆ ಬರುವ ಜನರ ಮಾತು. ಕಾನೂನಿನ ಪ್ರಕಾರ ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ವಸತಿ ಯೋಜನೆಯ ಫಲಾನುಭವಿ ಆಯ್ಕೆ ಎಂದರೆ ಶಾಮಿಯಾನ ಸಾಲುವುದಿಲ್ಲ, ಪೊಲೀಸರನ್ನು ಕರೆಸಬೇಕು. ಜಮಾಬಂದಿ ಎಂದರೆ ಕುರ್ಚಿಗಳು ಮಾತ್ರ ಬಂದಿರುತ್ತವೆ. ಮನೆ ಕೊಡುವ ದಿನ ಬರುವ ಊರು, ಲೆಕ್ಕ ಕೊಡುವ ದಿನ ಬರುವುದಿಲ್ಲ. ಬರದವರನ್ನು ಬೈಯುವುದು ಸುಲಭ. ಆದರೆ ಹುಬ್ಬೆ ಮಳೆ ಬಿದ್ದ ಮಾರನೇ ದಿನ ಕಳೆ ಕೀಳುವುದನ್ನು ಬಿಟ್ಟು ನಗದು ಪುಸ್ತಕ ಕೇಳಲು ಬನ್ನಿ ಎಂದರೆ ಯಾರು ಬಂದಾರು? ಹಿಂದೆ ಡಂಗುರ ಹೊಡೆಯುತ್ತಿದ್ದರು, ಈಗ ಕಸದ ಗಾಡಿಯ ಮೈಕಿನಲ್ಲಿ ಕೂಗುತ್ತಾರೆ. ಹಸಿ ಕಸ ಒಣ ಕಸ ಬೇರೆ ಮಾಡಿ ಎಂಬ ಹಾಡಿನ ನಡುವೆ ಜಮಾಬಂದಿ ಯಾವ ಬಕೆಟ್ಟಿಗೆ ಸೇರಿತೋ ಗೊತ್ತಾಗುವುದಿಲ್ಲ.

ಗ್ರಾಮ ಪಂಚಾಯಿತಿಗಿಂತ ಮೇಲಿನ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಸ್ಥಿತಿಯೂ ಹೇಳುವಂತಿಲ್ಲ. ಪಂಚಾಯಿತಿಗೆ ಜೀವ ಕೊಟ್ಟ ನಾಡು ನಮ್ಮದು. ನೀರು ಸಾಬ್ ಎಂದು ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1987ರಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಬಂದಾಗ ದೇಶವೇ ತಿರುಗಿ ನೋಡಿತು. ಅದೇ ನಾಡಿನಲ್ಲಿ 2016ರಲ್ಲಿ ಗೆದ್ದ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ಕ್ಕೆ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತಾಧಿಕಾರಿಗಳು. ಅಧಿಕಾರಿ ಪ್ರಗತಿ ಓದುವುದು, ಅಧಿಕಾರಿಯೇ ಪ್ರಗತಿ ಪರಿಶೀಲಿಸುವುದು. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದರೆ ಫೇಲಾಗುವ ಪ್ರಶ್ನೆಯೇ ಇಲ್ಲ. ಮೂವತ್ತು ವರ್ಷ ಪೇಪರ್ ತಿದ್ದಿದವನು ಹೇಳುತ್ತಿದ್ದೇನೆ.

ಇಷ್ಟರ ನಡುವೆ ನನಗೆ ತುಂಬ ಇಷ್ಟವಾದ ಸಭೆಯೊಂದಿದೆ, ಮಕ್ಕಳ ಗ್ರಾಮಸಭೆ. ನವೆಂಬರಿನ ಸುಮಾರಿಗೆ ಪಂಚಾಯಿತಿಯವರು ಶಾಲೆ ಮಕ್ಕಳನ್ನು ಕೂರಿಸಿ ನಿಮಗೇನು ಬೇಕು ಎಂದು ಕೇಳುತ್ತಾರೆ. ದೊಡ್ಡವರ ಹಾಗೆ ಅವರು ಹೈಮಾಸ್ಟ್ ದೀಪ ಕೇಳುವುದಿಲ್ಲ. ಶೌಚಾಲಯದಲ್ಲಿ ನೀರು ಬರಲ್ಲ ಸರ್. ಸಾಯಂಕಾಲದ ಬಸ್ಸು ಸ್ಟಾಪಿನಲ್ಲಿ ನಿಲ್ಲಿಸಲ್ಲ ಸರ್. ಆಟದ ಮೈದಾನದಲ್ಲಿ ಹುಲ್ಲು ಬಣವೆ ಹಾಕಿದಾರೆ ಸರ್. ಹಾಗೆ ಒಂದು ಸಭೆಯಲ್ಲಿ ಒಬ್ಬ ಹುಡುಗಿ ಎದ್ದು, "ಕಾಂಪೌಂಡ್ ಬೇಕು ಅಂತ ನಾನು ಏಳನೇ ಕ್ಲಾಸಲ್ಲಿ ಕೇಳಿದ್ದೆ ಸರ್, ಈಗ ನಾನು ಒಂಬತ್ತು" ಅಂದಳು. ಸಭೆ ನಕ್ಕಿತು. ಅಧ್ಯಕ್ಷರು ನಗಲಿಲ್ಲ, ಕಾರ್ಯದರ್ಶಿಯ ಕಡೆ ತಿರುಗಿದರು. ಕಾರ್ಯದರ್ಶಿ ಪುಸ್ತಕದ ಕಡೆ ತಿರುಗಿದರು. ಎರಡು ವರ್ಷದ ಹಿಂದಿನ ಪುಸ್ತಕ ಅಲ್ಲಿರಲಿಲ್ಲ.

ಆ ಹುಡುಗಿಯ ಹತ್ತಿರ ಇದ್ದದ್ದು, ಪಂಚಾಯಿತಿಯ ಹತ್ತಿರ ಇಲ್ಲದ್ದು, ಅದೇ. ಕ್ಲಾಸು ಲೆಕ್ಕ ಹಿಡಿದು ಅವಳಿಗೆ ನೆನಪಿದೆ. ಇನ್ನೊಂದು ವರ್ಷ ಕಳೆದರೆ ಅವಳು ಹತ್ತು ಮುಗಿಸಿ ಕಾಲೇಜಿಗೆ ಹೋಗುತ್ತಾಳೆ. ಕಾಂಪೌಂಡಿನ ಬೇಡಿಕೆ ಅವಳ ಜೊತೆಗೇ ಶಾಲೆ ಬಿಡುತ್ತದೆ. ಹೊಸ ಮಗು ಮತ್ತೆ ಮೊದಲಿನಿಂದ ಕೇಳಬೇಕು. ದೊಡ್ಡವರ ಸಭೆಯಲ್ಲೂ ನಡೆಯುವುದು ಇದೇ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ವರ್ಗವಾಗುತ್ತಾರೆ, ಮೆಂಬರ್ ಸೋಲುತ್ತಾನೆ, ಮೇಲಿನಿಂದ ಬಂದ ನೋಡಲ್ ಅಧಿಕಾರಿ ಬೇರೆ ಪಂಚಾಯಿತಿಗೆ ಹೋಗುತ್ತಾರೆ. ಪ್ರತಿ ವರ್ಷವೂ ಆದ್ಯತೆಯ ಪಟ್ಟಿ ಬಿಳೀ ಹಾಳೆಯಿಂದ ಶುರುವಾಗುತ್ತದೆ. ಬಿಳೀ ಹಾಳೆಗೆ ಬಾಕಿ ಎಂಬುದು ಇರುವುದಿಲ್ಲವಲ್ಲ.

ಬೇಲಿಯ ಬಳಿ ಇದನ್ನು ಹೇಳಿದೆ. ಅಕ್ಕ ಸೊಪ್ಪು ಸೋಸುವುದನ್ನು ನಿಲ್ಲಿಸಿದರು.

"ಈ ಸಲದ ಜಮಾಬಂದಿಗೆ ನಾನೂ ಬತ್ತೀನಿ ಮೇಷ್ಟ್ರೇ. ನೀವೂ ಬನ್ನಿ. ನಾನು ಏನೂ ಕೇಳಲ್ಲ. ರೋಡು ಬೇಡ, ಚರಂಡಿ ಬೇಡ."

"ಮತ್ತೇನು ಕೇಳ್ತೀರಿ?"

"ಹೋದ ವರ್ಷದ ಪುಸ್ತಕ ತಗೀರಿ ಸ್ವಾಮಿ, ನಾವು ಏನೇನ್ ಕೇಳಿದ್ವಿ ಅದನ್ನ ಮೊದ್ಲು ಓದಿ ಅಂತೀನಿ. ಒಂದೊಂದ್ಕೂ ಆಯ್ತು, ಇಲ್ಲ, ಆಗಲ್ಲ, ಮೂರ್ರಲ್ಲಿ ಒಂದು ಹೇಳ್ಲಿ. ಆಗಲ್ಲ ಅಂದ್ರೂ ಬ್ಯಾಸ್ರ ಇಲ್ಲ, ಹೊಲಕ್ಕಾದ್ರೂ ಹೋಗ್ತೀವಿ. ಅದು ಮುಗ್ದ ಮೇಲೆ ಹೊಸ ಪಟ್ಟಿ ಬರ್ಕಳ್ಳಿ."

"ಇದಕ್ಕೆ ಅವರು ಅನುದಾನ ಇಲ್ಲ ಅಂದರೆ?"

"ಓದಕ್ಕೆ ಎಂಥ ಅನುದಾನ? ಕ್ರಿಯಾಯೋಜನೆ ಬೇಡ, ಟೆಂಡರ್ ಬೇಡ, ಇಂಜಿನಿಯರ್ ಸೈ ಬೇಡ. ಕನ್ನಡಕ ಒಂದ್ ಬೇಕು, ಅದು ಕಾರ್ಯದರ್ಶಿ ಹತ್ರ ಐತೆ. ಓದಿ ಮುಗಿಸ್ಲಿ, ನಾನೇ ಎದ್ದು ಹೇಳ್ತೀನಿ: ಈ ಒಂದ್ ಬಾಬ್ತಿಗೆ ಭೌತಿಕ, ಆರ್ಥಿಕ ಎರಡ್ರಲ್ಲೂ ಶೇಕಡಾ ನೂರು ಸಾಧನೆ ಅಂತ ಬರ್ಕಳ್ಳಿ. ಓದ್ದೆ ಇದ್ರೆ ಮಾತ್ರ ಸೈ ಹಾಕಲ್ಲ."